ನೆನಪಾದ ಕೊರಗುಗಳಿಂದಲೇ ಬದುಕಿಗೆ ಅಂಕ ಹಾಕಬೇಕಾ?

ಈ ಸಲ ಬಂದ ಪತ್ರಗಳಲ್ಲಿ ಸುಮಾರು ಕಡೆ ಒಂದೇ ಮಾತು. ‘ಹಾಗೆ ಮಾಡಬೇಕಿತ್ತು’, ಇಲ್ಲಾಂದ್ರೆ ‘ಹಾಗೆ ಮಾಡಬಾರದಿತ್ತು’. ಅದಕ್ಕೇ ಇಡೀ ಕಂತನ್ನು ಇದೇ ವಿಷಯಕ್ಕೆ ಇಟ್ಟಿದ್ದೇನೆ. ಪತ್ರಗಳನ್ನು ಚುಟುಕು ಮಾಡಿದ್ದೇನೆ, ಬರೆದವರ ಗುರುತು ಸಿಗುವಂಥದ್ದನ್ನೆಲ್ಲ ತೆಗೆದಿದ್ದೇನೆ.

ಪ್ರಶ್ನೆ: ನಿವೃತ್ತಿ ಆದ ಮೇಲೆ ಸಂಜೆ ಹೊತ್ತು ಸುಮ್ನೆ ಕೂತಿರುತ್ತೇನೆ. ಕೂತರೆ ಸಾಕು, ಕೈತಪ್ಪಿ ಹೋದದ್ದೇ ನೆನಪಾಗುತ್ತದೆ. ವಯಸ್ಸಿದ್ದಾಗ ಬೇರೆ ಊರಿನಲ್ಲಿ ಒಳ್ಳೆ ಕೆಲಸ ಸಿಕ್ಕಿತ್ತು, ಹೋಗಲಿಲ್ಲ. ಸಂಗೀತ ಕಲಿಯಬೇಕು ಅಂತ ಆಸೆ ಇತ್ತು, ಕಲಿಯಲಿಲ್ಲ. ಅಣ್ಣನ ಜೊತೆ ಜಗಳ ಆಗಿ ಮಾತು ಬಿಟ್ಟೆ, ಆಮೇಲೆ ನಾನಾಗಿ ಮಾತಾಡಿಸಲಿಲ್ಲ. ಇಡೀ ಆಯುಷ್ಯ ದಂಡವಾಯಿತು ಅನ್ನಿಸುತ್ತದೆ. ಹೆಂಡತಿ ಮಾತ್ರ ‘ನಾವು ಚೆನ್ನಾಗೇ ಬದುಕಿದೆವಲ್ಲ’ ಅನ್ನುತ್ತಾಳೆ. ಇಬ್ಬರೂ ಒಂದೇ ಮನೆಯಲ್ಲಿ ಬದುಕಿದವರು. ಯಾರು ಹೇಳುತ್ತಿರುವುದು ನಿಜ?

ಉತ್ತರ: ಇಬ್ಬರೂ ಸುಳ್ಳು ಹೇಳುತ್ತಿಲ್ಲ. ‘ನನ್ನ ಬದುಕು ಹೇಗಿತ್ತು’ ಅಂತ ಕೇಳಿಕೊಂಡಾಗ ಯಾರೂ ಇಷ್ಟು ವರ್ಷದ ಲೆಕ್ಕ ತೆಗೆದು ಕೂಡಿ ಕಳೆದು ನೋಡುವುದಿಲ್ಲ, ಅದು ಆಗಿಹೋಗುವ ಕೆಲಸವೂ ಅಲ್ಲ. ಆ ಹೊತ್ತಿಗೆ ತಟ್ಟನೆ ಏನು ನೆನಪಾಗುತ್ತದೋ ಅದನ್ನೇ ಹಿಡಿದು ತೀರ್ಮಾನಕ್ಕೆ ಬರುತ್ತೇವೆ. ನಿಮಗೆ ಸಂಜೆ ಮೂರು ವಿಷಯ ನೆನಪಾದವು. ಮೂರೂ ಕೊರಗಿನವು. ನೀವು ಅಂಕ ಕೊಟ್ಟದ್ದು ಆ ಮೂರಕ್ಕೆ, ಬರೆದುಕೊಂಡದ್ದು ಮಾತ್ರ ಇಡೀ ಬದುಕಿನ ಹೆಸರಲ್ಲಿ.

ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ಮನಶ್ಶಾಸ್ತ್ರಜ್ಞರಾದ ಫ್ರಿಟ್ಜ್ ಸ್ಟ್ರಾಕ್, ನಾರ್ಬರ್ಟ್ ಶ್ವಾರ್ಜ್ ಮತ್ತು ಅವರ ಜೊತೆಗಾರರು 1985ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕೆಲವರಿಗೆ ಬದುಕಿನ ಒಳ್ಳೆಯ ಘಟನೆಗಳನ್ನು ನೆನೆಯಲು ಹೇಳಿದರು, ಕೆಲವರಿಗೆ ಕೆಟ್ಟವನ್ನು. ಅದರಲ್ಲೂ ಕೆಲವರು ಇತ್ತೀಚಿನದ್ದನ್ನು ನೆನೆಯಬೇಕಿತ್ತು, ಕೆಲವರು ಹಳೆಯದನ್ನು. ಆಮೇಲೆ ಎಲ್ಲರಿಗೂ ‘ನಿಮ್ಮ ಬದುಕು ನಿಮಗೆ ತೃಪ್ತಿ ಕೊಟ್ಟಿದೆಯಾ’ ಅಂತ ಕೇಳಿದರು. ಇತ್ತೀಚಿನ ಕೆಟ್ಟದ್ದನ್ನು ನೆನೆದವರಿಗೆ ತೃಪ್ತಿ ಕಮ್ಮಿ ಇತ್ತು, ಅದು ನಾವೂ ಊಹಿಸುವಂಥದ್ದೇ. ಆದರೆ ಹಳೆಯ ಕೆಟ್ಟದ್ದನ್ನು ನೆನೆದವರು ಹಳೆಯ ಒಳ್ಳೆಯದನ್ನು ನೆನೆದವರಿಗಿಂತ ಜಾಸ್ತಿ ತೃಪ್ತಿ ಹೇಳಿಕೊಂಡರು! ‘ಆಗ ಅಷ್ಟು ಕಷ್ಟ ಇತ್ತು, ಈಗ ಪರವಾಗಿಲ್ಲ’ ಅನ್ನುವ ಹೋಲಿಕೆ ಮನಸ್ಸಿನಲ್ಲಿ ತಾನಾಗೇ ನಡೆದುಹೋಗುತ್ತದೆ. ಅವರದೇ ಮುಂದಿನ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಹೊರಬಂತು. ಅದೇ ಹಳೆಯ ನೋವನ್ನು, ಏನಾಯಿತು, ಹೇಗಾಯಿತು ಅಂತ ಕಣ್ಣಿಗೆ ಕಟ್ಟುವ ಹಾಗೆ ಎಳೆ ಎಳೆಯಾಗಿ ಬಿಡಿಸಿ ನೆನೆದಾಗ ಆ ಹೊತ್ತಿನ ಮನಸ್ಸೇ ಕೆಡುತ್ತದೆ, ಕೆಟ್ಟ ಮನಸ್ಸಿನಲ್ಲಿ ನೋಡಿದರೆ ಇಡೀ ಬದುಕು ಕಪ್ಪಾಗಿ ಕಾಣುತ್ತದೆ. ನೋವು ಅದೇ. ನೆನೆಯುವ ರೀತಿ ಬೇರೆ, ತೀರ್ಪೂ ಬೇರೆ.

ನೀವು ಸಂಜೆ ಮಾಡುತ್ತಿರುವುದು ಎರಡನೆಯ ಥರದ ನೆನಪು. ಬೇಸರದಲ್ಲಿರುವಾಗ ಬೇಸರದ ನೆನಪುಗಳೇ ಸಲೀಸಾಗಿ ಬರುತ್ತವೆ ಅನ್ನುವುದೂ ಹಳೆಯ ವಿಷಯ. ಗಾರ್ಡನ್ ಬೋವರ್ ಇದರ ಬಗ್ಗೆ 1981ರಲ್ಲೇ ಬರೆದಿದ್ದಾರೆ. ಒಂದು ಕೊರಗು ಇನ್ನೊಂದನ್ನು ಎಳೆದು ತರುತ್ತದೆ. ಅದಕ್ಕೆ ಯಾವ ಹೊತ್ತಿನಲ್ಲಿ ನೆನೆಯುತ್ತೀರಿ ಅನ್ನುವುದೂ ಮುಖ್ಯ. ಬೆಳಿಗ್ಗೆ ಹೊತ್ತು, ಕೈಯಲ್ಲಿ ಏನೋ ಕೆಲಸ ಇದ್ದಾಗ ಇದೇ ಪ್ರಶ್ನೆ ಕೇಳಿಕೊಂಡು ನೋಡಿ.

ಈಗ ಆ ಬಿಟ್ಟುಕೊಟ್ಟ ಕೆಲಸದ ವಿಷಯ. ಥಾಮಸ್ ಗಿಲೊವಿಚ್ ಮತ್ತು ವಿಕ್ಟೋರಿಯಾ ಮೆಡ್ವೆಕ್ 1994ರಲ್ಲಿ ಜನರನ್ನು ಕೇಳಿದರು: ಇಡೀ ಬದುಕನ್ನು ತಿರುಗಿ ನೋಡಿದರೆ ಮಾಡಿದ್ದಕ್ಕೆ ಜಾಸ್ತಿ ಕೊರಗೋ, ಮಾಡದೇ ಬಿಟ್ಟದ್ದಕ್ಕೋ? ನಾಲ್ವರಲ್ಲಿ ಮೂವರು ಮಾಡದೇ ಬಿಟ್ಟದ್ದಕ್ಕೆ ಅಂದರು. ಮಾಡಿ ಕೆಡಿಸಿದ್ದು ಆ ಕ್ಷಣಕ್ಕೆ ಹೆಚ್ಚು ಉರಿಯುತ್ತದೆ, ನಿಜ. ಆದರೆ ಅದಕ್ಕೆ ಆಮೇಲೆ ಏನಾದರೊಂದು ಆಗುತ್ತದೆ. ಸರಿ ಮಾಡುತ್ತೇವೆ, ಕ್ಷಮೆ ಕೇಳುತ್ತೇವೆ, ‘ಪಾಠ ಕಲಿತೆ’ ಅಂದುಕೊಳ್ಳುತ್ತೇವೆ. ಮಾಡದೇ ಬಿಟ್ಟದ್ದಕ್ಕೆ ಕೊನೆಯೇ ಇಲ್ಲ. ಅದು ತಲೆಯೊಳಗೆ ನಡೆಯುತ್ತಲೇ ಇರುತ್ತದೆ, ಅದೂ ಬರೀ ಒಳ್ಳೆಯ ರೀತಿಯಲ್ಲಿ. ಯೋಚನೆ ಮಾಡಿ, ನೀವು ಹೋಗದ ಆ ಊರಿನಲ್ಲಿ ನಿಮಗೆ ಒಬ್ಬ ಕಿರಿಕಿರಿ ಮೇಲಧಿಕಾರಿ ಸಿಕ್ಕಿದ್ದಾನಾ? ಒಂದು ದಿನವಾದರೂ ಜ್ವರ ಬಂದಿದೆಯಾ? ಬಾಡಿಗೆ ಮನೆ ಖಾಲಿ ಮಾಡಿ ಸಾಮಾನು ಹೊತ್ತಿದ್ದೀರಾ? ಬಡ್ತಿ ತಪ್ಪಿ ಮುಖ ಸಣ್ಣ ಮಾಡಿಕೊಂಡು ಮನೆಗೆ ಬಂದದ್ದು ಉಂಟಾ? ಇಲ್ಲ. ಆ ಬದುಕಿನಲ್ಲಿ ಸೋಮವಾರಗಳೇ ಇಲ್ಲ. ನಿಜವಾಗಿ ಬದುಕಿದ ಬದುಕಿನಲ್ಲಿ ಇವೆಲ್ಲ ಇದ್ದವು. ಹಾಗಾಗಿ ಪ್ರತಿ ಸಂಜೆ ಅದು ಸೋಲುತ್ತದೆ.

ಯಾವುದಕ್ಕೆ ಹೋಲಿಸುತ್ತೇವೆ ಅನ್ನುವುದು ಎಷ್ಟು ದೊಡ್ಡ ವಿಷಯ ಅಂದರೆ, 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನ ದೃಶ್ಯಗಳನ್ನು ಇದೇ ಗಿಲೊವಿಚ್, ಮೆಡ್ವೆಕ್ ಮತ್ತು ಸ್ಕಾಟ್ ಮೇಡಿ ಜನರಿಗೆ ತೋರಿಸಿ, ಆಟಗಾರರ ಮುಖದಲ್ಲಿ ಎಷ್ಟು ಖುಷಿ ಕಾಣುತ್ತಿದೆ ಅಂತ ಅಂಕ ಕೊಡಿಸಿದಾಗ, ಕಂಚು ಗೆದ್ದವರು ಬೆಳ್ಳಿ ಗೆದ್ದವರಿಗಿಂತ ಖುಷಿಯಾಗಿ ಕಂಡರು. ಬೆಳ್ಳಿಯವರ ಕಣ್ಣು ತಪ್ಪಿಹೋದ ಚಿನ್ನದ ಮೇಲೆ. ಕಂಚಿನವರಿಗೆ ‘ಸದ್ಯ, ಬರಿಗೈಯಲ್ಲಿ ಹೋಗಲಿಲ್ಲ’ ಅನ್ನುವ ನೆಮ್ಮದಿ.

ನಿಮ್ಮ ಹೆಂಡತಿ ಯಾವುದನ್ನು ನೆನೆದು ‘ಚೆನ್ನಾಗೇ ಬದುಕಿದೆವು’ ಅನ್ನುತ್ತಾರೆ ಅಂತ ಒಂದು ಸಲ ಕೂತು ಕೇಳಿ. ವಾದಕ್ಕಲ್ಲ, ತಿಳಿದುಕೊಳ್ಳೋಕೆ. ನೀವು ಮರೆತೇಬಿಟ್ಟ ಎಷ್ಟೋ ದಿನಗಳು ಅವರ ಹತ್ತಿರ ಇರುತ್ತವೆ. ಸಂಗೀತಕ್ಕೆ ಈಗಲೂ ಸೇರಬಹುದು, ವೇದಿಕೆ ಹತ್ತುವುದು ಗುರಿ ಅಲ್ಲದಿದ್ದರೆ ತಡವೇನೂ ಆಗಿಲ್ಲ. ಕೆಲಸ ಮುಗಿದ ಮಾತು. ಅಣ್ಣನ ವಿಷಯ ಮಾತ್ರ ನಾನು ಬೇರೆ ಇಡುತ್ತೇನೆ. ಮೂರರಲ್ಲಿ ಇವತ್ತೂ ಜೀವಂತ ಇರುವ ಕೊರಗು ಅದೊಂದೇ, ಅದಕ್ಕೆ ಈ ಕಂತಿನ ಕೊನೆಯ ಉತ್ತರವನ್ನೂ ಓದಿ.

ಪ್ರಶ್ನೆ: ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಅಪ್ಪ ಫೋನ್ ಮಾಡಿದರು. ನಾನು ಮೀಟಿಂಗ್‌ನಲ್ಲಿದ್ದೆ. ‘ಆಮೇಲೆ ಮಾಡ್ತೀನಿ ಅಪ್ಪ’ ಅಂದೆ. ‘ಸುಮ್ನೆ ಮಾಡಿದೆ ಕಣಮ್ಮ, ಪುರುಸೊತ್ತಾದಾಗ ಮಾಡು’ ಅಂದರು. ಮರೆತುಹೋಯಿತು. ಅವತ್ತು ರಾತ್ರಿ ಹೃದಯಾಘಾತ ಆಗಿ ಹೋಗಿಬಿಟ್ಟರು. ಈಗ ನೆನೆದರೆ ಅವರ ಧ್ವನಿ ಸಣ್ಣಗಿತ್ತು, ಏನೋ ಹೇಳಬೇಕು ಅಂತಿದ್ದರು ಅನ್ನಿಸುತ್ತದೆ. ನನಗೆ ಗೊತ್ತಾಗಬೇಕಿತ್ತು. ನಾನು ಒಳ್ಳೆ ಮಗಳಾಗಿರಲಿಲ್ಲ. ‘ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ’ ಅಂತ ಎಲ್ಲರೂ ಹೇಳುತ್ತಾರೆ. ಅದರಿಂದ ಏನೂ ಆಗುತ್ತಿಲ್ಲ.

ಉತ್ತರ: ಆ ಗಾದೆಯನ್ನು ನಾನು ನಿಮಗೆ ಹೇಳುವುದಿಲ್ಲ. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ವಿಷಯಗಳು ಒಂದಕ್ಕೊಂದು ಅಂಟಿಕೊಂಡಿವೆ. ಅವನ್ನು ಬಿಡಿಸಿ ನೋಡೋಣ.

ಮೊದಲನೆಯದು, ‘ಗೊತ್ತಾಗಬೇಕಿತ್ತು’. ಆ ಮಧ್ಯಾಹ್ನ ಅದು ಕೊನೆಯ ಕರೆ ಆಗಿರಲಿಲ್ಲ. ಕೆಲಸದ ನಡುವೆ ಬಂದ ಎಷ್ಟೋ ಕರೆಗಳಲ್ಲಿ ಒಂದು, ಅಷ್ಟೇ. ರಾತ್ರಿ ನಡೆದದ್ದು ಅದನ್ನು ಕೊನೆಯ ಕರೆ ಮಾಡಿತು. ‘ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು’ ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ತಡವಾಗಿ ಉರಿದ ಆ ಬೆಂಕಿಯ ಬೆಳಕಲ್ಲಿ ಕೂತು ಕತ್ತಲೆಯಲ್ಲಿ ನಡೆದವಳನ್ನು ಬೈಯುತ್ತಿದ್ದೀರಿ. 1975ರಲ್ಲಿ ಬರೂಕ್ ಫಿಶಾಫ್ ಇದನ್ನು ಪ್ರಯೋಗ ಮಾಡಿ ತೋರಿಸಿದರು. 1814ರಲ್ಲಿ ಬ್ರಿಟಿಷರಿಗೂ ಗೂರ್ಖರಿಗೂ ನಡೆದ ಕಾಳಗದ ವಿವರವನ್ನು ಜನರಿಗೆ ಓದಲು ಕೊಟ್ಟರು. ಒಂದು ಗುಂಪಿಗೆ ಒಂದು ಫಲಿತಾಂಶ, ಇನ್ನೊಂದು ಗುಂಪಿಗೆ ಬೇರೊಂದು ಫಲಿತಾಂಶ ಹೇಳಿದರು. ಆಮೇಲೆ, ಫಲಿತಾಂಶ ಗೊತ್ತೇ ಇರಲಿಲ್ಲ ಅಂದುಕೊಂಡು ಊಹಿಸಿ ಅಂದರು. ಪ್ರತಿ ಗುಂಪಿನವರಿಗೂ ತಾವು ಕೇಳಿದ ಫಲಿತಾಂಶವೇ ಆಗುವ ಸಂಭವ ಜಾಸ್ತಿ ಇತ್ತು ಅನ್ನಿಸಿತು. ಗೊತ್ತಾದದ್ದನ್ನು ಗೊತ್ತಿಲ್ಲದ ಹಾಗೆ ಮಾಡಿಕೊಳ್ಳೋಕೆ ಮನುಷ್ಯರಿಗೆ ಆಗುವುದಿಲ್ಲ. ಯುದ್ಧದ ಕಥೆ ಓದಿದ ಅಪರಿಚಿತರಿಗೇ ಆಗಲಿಲ್ಲ, ಅಪ್ಪನನ್ನು ಕಳೆದುಕೊಂಡ ನಿಮಗೆ ಹೇಗೆ ಆಗುತ್ತದೆ?

ಎರಡನೆಯದು, ಆ ಸಣ್ಣ ಧ್ವನಿ. ಅವರ ಧ್ವನಿ ನಿಜವಾಗಿ ಸಣ್ಣಗಿತ್ತೋ ಇಲ್ಲವೋ ನನಗೆ ಹೇಳೋಕೆ ಆಗುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡಿ, ನಿಮಗೂ ಆಗುವುದಿಲ್ಲ. ನೆನಪು ಅನ್ನುವುದು ರೆಕಾರ್ಡಿಂಗ್ ಅಲ್ಲ. ಪ್ರತಿ ಸಲ ನೆನೆಯುವಾಗಲೂ ಅದನ್ನು ಹೊಸದಾಗಿ ಕಟ್ಟುತ್ತೇವೆ, ಈಗ ಗೊತ್ತಿರುವುದೆಲ್ಲ ಅದರೊಳಗೆ ಸೇರಿಕೊಳ್ಳುತ್ತದೆ. ಫ್ರೆಡರಿಕ್ ಬಾರ್ಟ್ಲೆಟ್ 1932ರಷ್ಟು ಹಿಂದೆಯೇ ಇದನ್ನು ವಿವರವಾಗಿ ತೋರಿಸಿದ್ದರು. ಮೂರು ವರ್ಷದಿಂದ ಆ ಕರೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೀರಿ! ಪ್ರತಿ ಸಲವೂ ರಾತ್ರಿ ಏನಾಯಿತು ಅಂತ ಗೊತ್ತಿಟ್ಟುಕೊಂಡೇ. ಧ್ವನಿ ಸಣ್ಣಗಾಗಿದ್ದು ಮಧ್ಯಾಹ್ನವೋ, ಆಮೇಲಿನ ರಾತ್ರಿಗಳಲ್ಲೋ ಅಂತ ಯಾರಿಗೂ ಬೇರ್ಪಡಿಸೋಕೆ ಬರುವುದಿಲ್ಲ. ಅವರು ಹೇಳಿದ ಮಾತು ಮಾತ್ರ ನಿಮ್ಮ ಹತ್ತಿರ ಇದೆ. ‘ಸುಮ್ನೆ ಮಾಡಿದೆ ಕಣಮ್ಮ.’ ಆ ಮಾತನ್ನು ಅವರು ಹೇಳಿದ ಹಾಗೇ ತೆಗೆದುಕೊಳ್ಳಬಹುದಲ್ವಾ?

ಮೂರನೆಯದು, ‘ಒಳ್ಳೆ ಮಗಳಾಗಿರಲಿಲ್ಲ’. ನನ್ನನ್ನು ಜಾಸ್ತಿ ತಡೆದು ನಿಲ್ಲಿಸಿದ್ದು ಇದು. ಒಂದು ಕರೆ ಇಡೀ ಸಂಬಂಧದ ಮೇಲೆ ತೀರ್ಪು ಕೊಟ್ಟುಬಿಟ್ಟಿದೆ. ನೆನಪು ಹೀಗೆ ಕೊನೆಗೆ ಬೇಕಾದ್ದಕ್ಕಿಂತ ಜಾಸ್ತಿ ತೂಕ ಕೊಡುತ್ತದೆ. ಡ್ಯಾನಿಯಲ್ ಕಾನೆಮನ್ ಮತ್ತು ಜೊತೆಗಾರರು 1993ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಜನರು 14 ಡಿಗ್ರಿ ಸೆಲ್ಸಿಯಸ್ ತಣ್ಣನೆಯ ನೀರಿನಲ್ಲಿ 60 ಸೆಕೆಂಡ್ ಕೈ ಇಟ್ಟುಕೊಂಡಿರಬೇಕು, ಕೈ ನೋಯುವಷ್ಟು ತಣ್ಣಗೆ. ಇನ್ನೊಂದು ಸಲ ಅದೇ 60 ಸೆಕೆಂಡ್ ಆದ ಮೇಲೂ ಕೈ ತೆಗೆಯದೆ ಇನ್ನೂ 30 ಸೆಕೆಂಡ್ ಇರಬೇಕು, ಆದರೆ ಆ 30 ಸೆಕೆಂಡ್‌ನಲ್ಲಿ ನೀರು ಮೆಲ್ಲಗೆ 15 ಡಿಗ್ರಿಗೆ ಏರುತ್ತದೆ. ಎರಡರಲ್ಲಿ ಯಾವುದನ್ನು ಮತ್ತೆ ಮಾಡುತ್ತೀರಿ ಅಂತ ಕೇಳಿದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ಅದರಲ್ಲಿ ಒಟ್ಟು ನೋವು ಜಾಸ್ತಿ. ಕೊನೆ ಮಾತ್ರ ಸ್ವಲ್ಪ ಹಿತ. ಎಷ್ಟು ಹೊತ್ತು ಹೇಗಿತ್ತು ಅನ್ನುವುದನ್ನು ನೆನಪು ಲೆಕ್ಕಕ್ಕೆ ಇಡುವುದೇ ಇಲ್ಲ. ನಿಮ್ಮ ವಿಷಯದಲ್ಲೂ ಅಷ್ಟೇ. ಹತ್ತಾರು ವರ್ಷ ಅಪ್ಪ ಮಗಳಾಗಿ ಇದ್ದಿರಿ, ನೆನಪು ಅದನ್ನೆಲ್ಲ ಬದಿಗೆ ಸರಿಸಿ ಕೊನೆಯ ಅರ್ಧ ನಿಮಿಷ ಮಾತ್ರ ಎತ್ತಿ ಹಿಡಿದಿದೆ.

ಆ ಅರ್ಧ ನಿಮಿಷವನ್ನು ಅಳಿಸಿ ಅಂತ ಹೇಳುತ್ತಿಲ್ಲ. ಉಳಿದದ್ದನ್ನೂ ಕರೆದು ಅದರ ಪಕ್ಕ ಕೂರಿಸಿ. ಅವರು ನಿಮಗೆ ಕಳಿಸಿದ ಮೆಸೇಜುಗಳು ಉಳಿದಿದ್ದರೆ ಓದಿ. ಅಮ್ಮ ಇದ್ದರೆ, ನೀವು ಫೋನ್ ಮಾಡಿದಾಗೆಲ್ಲ ಅಪ್ಪ ಇಟ್ಟ ಮೇಲೆ ಏನು ಹೇಳುತ್ತಿದ್ದರು ಅಂತ ಕೇಳಿ. ಇನ್ನೊಂದು ಕೆಲಸ ಮಾಡಿ. ಇದೇ ಘಟನೆ ನಿಮ್ಮ ಗೆಳತಿಗೆ ಆಗಿದೆ ಅಂದುಕೊಂಡು ಅವಳಿಗೆ ಒಂದು ಪತ್ರ ಬರೆಯಿರಿ. ಸ್ವಲ್ಪ ದೂರ ನಿಂತು, ತನ್ನನ್ನೇ ಬೇರೆಯವರ ಹಾಗೆ ನೋಡಿದಾಗ ನೋವಿನ ನೆನಪು ಅಷ್ಟಾಗಿ ಸುಡುವುದಿಲ್ಲ ಅನ್ನುವುದನ್ನು ಈಥನ್ ಕ್ರಾಸ್ ಮತ್ತು ಓಜ್ಲೆಮ್ ಐಡುಕ್ ಅವರ ಅಧ್ಯಯನಗಳು ಕಂಡುಕೊಂಡಿವೆ. ಮೂರು ವರ್ಷ ಆದ ಮೇಲೂ ನಿದ್ದೆ, ಊಟ, ಕೆಲಸ ಇದರಿಂದ ಕೆಡುತ್ತಿದ್ದರೆ ಮಾತ್ರ ಈ ಅಂಕಣ ಸಾಲದು, ದಯವಿಟ್ಟು ಮನೋವೈದ್ಯರನ್ನೋ ಆಪ್ತ ಸಮಾಲೋಚಕರನ್ನೋ ನೋಡಿ. ದುಃಖ ಹೀಗೆ ಗಟ್ಟಿಯಾಗಿ ಕೂತುಬಿಡುವುದು ಅವರಿಗೆ ಗೊತ್ತಿರುವ ವಿಷಯ, ಅದಕ್ಕೆ ಸಹಾಯ ಇದೆ.

ಪ್ರಶ್ನೆ: ನನಗೆ 24 ವರ್ಷ. ಒಂದು ತರಬೇತಿ ಶಿಬಿರದಲ್ಲಿ ‘ನಿಮ್ಮ 20 ಪಶ್ಚಾತ್ತಾಪಗಳನ್ನು ಬರೆಯಿರಿ’ ಅಂದರು. ಎಂಟು ಬರೆದೆ, ಆಮೇಲೆ ತಲೆ ಓಡಲಿಲ್ಲ. ವಿಚಿತ್ರ ಅಂದ್ರೆ ಬರೆಯುವ ಮೊದಲಿಗಿಂತ ಮನಸ್ಸು ಹಗುರ ಆಗಿತ್ತು. ಪಕ್ಕದಲ್ಲಿದ್ದ ಗೆಳೆಯ ಬೇರೆ ಗುಂಪಿನವನು, ಅವರಿಗೆ ಕೇಳಿದ್ದೇ ಮೂರು, ಅವನು ಮೂರೇ ಬರೆದದ್ದು. ಅವನು ಮಂಕಾಗಿ ಕೂತಿದ್ದ. ಇದು ಹೇಗೆ?

ಉತ್ತರ: ಶಿಬಿರದವರು ಬೇಕಂತಲೇ ಮಾಡಿದರೋ ಇಲ್ಲವೋ, ನಿಮಗೆ ಆದದ್ದು ಮನಶ್ಶಾಸ್ತ್ರದಲ್ಲಿ ಹೆಸರುವಾಸಿಯಾದ ಒಂದು ಪ್ರಯೋಗಕ್ಕೆ ತೀರಾ ಹತ್ತಿರ ಇದೆ. ನಾರ್ಬರ್ಟ್ ಶ್ವಾರ್ಜ್ ಮತ್ತು ಜೊತೆಗಾರರು 1991ರಲ್ಲಿ, ನೀವು ಅಂಜದೆ ನಿಮ್ಮ ಮಾತು ಹೇಳಿದ ಸಂದರ್ಭಗಳನ್ನು ಬರೆಯಿರಿ ಅಂತ ಕೆಲವರಿಗೆ 6 ಕೇಳಿದರು, ಕೆಲವರಿಗೆ 12. ಆರು ಬರೆದವರು ‘ನಾನು ಧೈರ್ಯಸ್ಥ’ ಅಂದುಕೊಂಡರು. ಹನ್ನೆರಡು ಬರೆದವರು ಹಾಗೆ ಅಂದುಕೊಂಡದ್ದು ಕಮ್ಮಿ, ಅವರ ಕೈಯಲ್ಲಿ ಉದಾಹರಣೆ ದುಪ್ಪಟ್ಟು ಇದ್ದರೂ! ಮೊದಲ ಕೆಲವು ಸುಲಭವಾಗಿ ಬರುತ್ತವೆ, ಆಮೇಲೆ ತಿಣುಕಬೇಕು. ತಿಣುಕಿದಾಗ ಮನಸ್ಸು, ‘ಇಷ್ಟು ಕಷ್ಟಪಟ್ಟು ಹುಡುಕಬೇಕು ಅಂದರೆ ನನ್ನಲ್ಲಿ ಅದು ಜಾಸ್ತಿ ಇಲ್ಲ’ ಅಂತ ಲೆಕ್ಕ ಹಾಕುತ್ತದೆ.

ನಿಮ್ಮದೂ ಹಾಗೇ ಆಗಿರಬೇಕು ಅಂತ ನನ್ನ ಊಹೆ. ಇಪ್ಪತ್ತು ಕೇಳಿದರು, ಎಂಟಕ್ಕೆ ನಿಂತಿತು, ‘ಓ, ಅಷ್ಟೊಂದಿಲ್ಲ’ ಅನ್ನಿಸಿತು. ಗೆಳೆಯನಿಗೆ ಮೂರು ಪಟಪಟ ಬಂದವು, ‘ಇನ್ನೆಷ್ಟಿವೆಯೋ’ ಅನ್ನಿಸಿತು. ಎಂಟು ಕೊರಗು ಇರುವವರು ನೀವು, ಮಂಕಾದವನು ಅವನು. ಬದುಕಿನ ಬಗ್ಗೆ ನಾವು ಕೊಡುವ ತೀರ್ಪು ಎಂಥ ಸಣ್ಣ ವಿಷಯದ ಮೇಲೆ ವಾಲುತ್ತದೆ ನೋಡಿ. ಗೆಳೆಯನಿಗೆ ಈ ಉತ್ತರ ತೋರಿಸಿ. ಹಗುರ ಆದದ್ದನ್ನು ಇಟ್ಟುಕೊಳ್ಳಿ, ಆದರೆ ಆ ಎಂಟರಲ್ಲಿ ಸರಿ ಮಾಡಬಹುದಾದದ್ದು ಇದೆಯಾ ಅಂತಲೂ ಒಮ್ಮೆ ನೋಡಿ.

ಪ್ರಶ್ನೆ: ನನ್ನ ತಮ್ಮ ‘ನನಗೆ ಯಾವ ಪಶ್ಚಾತ್ತಾಪವೂ ಇಲ್ಲ’ ಅಂತ ಹೆಮ್ಮೆಯಿಂದ ಹೇಳುತ್ತಾನೆ. ಅವನನ್ನು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ನಾನೂ ಹಾಗಾಗೋದು ಹೇಗೆ?

ಉತ್ತರ: ಹಾಗಾಗುವುದು ಬೇಡ. ಹಣೆಯ ಹಿಂದೆ, ಕಣ್ಣಗುಳಿಗಳ ಮೇಲೆ ಇರುವ ಮಿದುಳಿನ ಭಾಗಕ್ಕೆ ಪೆಟ್ಟಾದ ಕೆಲವರನ್ನು ನತಾಲಿ ಕಮೀಲ್ ಮತ್ತು ಜೊತೆಗಾರರು ಅಧ್ಯಯನ ಮಾಡಿ 2004ರಲ್ಲಿ ಬರೆದರು. ಜೂಜಿನಂಥ ಒಂದು ಆಟದಲ್ಲಿ, ಆರಿಸದೆ ಬಿಟ್ಟದ್ದರಲ್ಲಿ ಎಷ್ಟು ಸಿಗುತ್ತಿತ್ತು ಅಂತ ತೋರಿಸಿದಾಗ ಉಳಿದವರೆಲ್ಲ ‘ಛೇ’ ಅಂದುಕೊಂಡರು, ಮುಂದಿನ ಸಲ ಆ ನೋವು ತಪ್ಪಿಸುವ ಹಾಗೆ ಆರಿಸಿದರು. ಪೆಟ್ಟಾದವರಿಗೆ ಆ ‘ಛೇ’ ಬರಲೇ ಇಲ್ಲ, ಆಟದ ರೀತಿಯನ್ನೂ ಅವರು ಬದಲಿಸಲಿಲ್ಲ. ಕೊರಗು ಬರುವುದು ಕೆಲಸಕ್ಕೆ ಬರುವ ಶಕ್ತಿ. ನಿಮ್ಮ ತಮ್ಮನಿಗೂ ಅದು ಇದ್ದೇ ಇರುತ್ತದೆ, ಎಲ್ಲರೆದುರು ಹೇಳಿಕೊಳ್ಳುವುದಿಲ್ಲ ಅಷ್ಟೇ.

ಪ್ರಶ್ನೆ: ಕಾಲೇಜಿನಲ್ಲಿ ಒಬ್ಬ ಗೆಳತಿಯ ಬಗ್ಗೆ ಇಲ್ಲದ ಮಾತು ಹಬ್ಬಿಸಿದ್ದೆ. ಅವಳು ಒಂಟಿಯಾದಳು. 20 ವರ್ಷ ಆಯಿತು. ಈಗ ಕ್ಷಮೆ ಕೇಳಿದರೆ ಅವಳ ಗಾಯ ಕೆದಕಿದ ಹಾಗೆ ಆಗುತ್ತದಾ?

ಉತ್ತರ: ಆಗಬಹುದು. ಅದಕ್ಕೆ ಎದುರಿಗೆ ಹೋಗಿ ನಿಲ್ಲಬೇಡಿ, ಫೋನೂ ಮಾಡಬೇಡಿ. ಆಗ ಅವರು ಆ ಕ್ಷಣಕ್ಕೇ ಏನಾದರೊಂದು ಉತ್ತರ ಕೊಡಬೇಕಾಗುತ್ತದೆ, ಬಹಳಷ್ಟು ಜನ ಮುಜುಗರಕ್ಕೆ ‘ಪರವಾಗಿಲ್ಲ ಬಿಡು’ ಅಂದುಬಿಡುತ್ತಾರೆ. ಒಂದು ಪುಟ್ಟ ಪತ್ರ ಬರೆಯಿರಿ. ಏನು ಮಾಡಿದೆ ಅಂತ ಸುತ್ತಿಬಳಸದೆ ಹೇಳಿ, ಅದು ಸುಳ್ಳು ಅಂತ ನನಗೆ ಆಗಲೇ ಗೊತ್ತಿತ್ತು ಅಂತಲೂ ಹೇಳಿ. 20 ವರ್ಷದಿಂದ ಅವರೂ ಆ ದಿನಗಳನ್ನು ನೆನೆಯುತ್ತಾ ‘ನನ್ನಲ್ಲೇ ಏನೋ ಕೊರತೆ ಇತ್ತು’ ಅಂತ ತಮ್ಮ ಮೇಲೇ ತೀರ್ಪು ಕೊಟ್ಟುಕೊಂಡಿರಬಹುದು. ನಿಮ್ಮ ಆ ಒಂದು ಸಾಲು ಅದನ್ನು ಬದಲಿಸಬಲ್ಲದು, ನಾನು ಬರೆಯಿರಿ ಅನ್ನುತ್ತಿರುವುದೇ ಅದಕ್ಕೆ. ಆಗ ನಾನು ಚಿಕ್ಕವಳಿದ್ದೆ, ಇತ್ತೀಚೆಗೆ ನಿದ್ದೆ ಬರುತ್ತಿಲ್ಲ, ಇಂಥದ್ದೇನೂ ಬೇಡ. ಉತ್ತರ ಬರೆಯಲೇಬೇಕು ಅಂತಿಲ್ಲ ಅಂತ ಕೊನೆಗೆ ಸೇರಿಸಿ, ಉತ್ತರ ಬರದಿದ್ದರೆ ಎರಡನೇ ಪತ್ರ ಹಾಕಬೇಡಿ.